ಕಾಂತಕ್ಷೇತ್ರ ಅಳೆಯಲು ಯಾವ ಫೈಬರ್ ಸಂವೇದಕ?

ಮೇಜಿನ ಮೇಲಿರುವ ಅಯಸ್ಕಾಂತದ ಬಲ ಎಷ್ಟೆಂದು ನೋಡುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ಒಂದು ಹಾಲ್ ಪ್ರೋಬ್ ಕೊಂಡುಕೊಳ್ಳಿ, ಅಂದರೆ ಕಾಂತಕ್ಷೇತ್ರವನ್ನು ವೋಲ್ಟೇಜ್ ಆಗಿ ತೋರಿಸುವ ಪುಟ್ಟ ವಿದ್ಯುತ್ ಸಂವೇದಕ. ಅಗ್ಗದ್ದು, ಚಿಕ್ಕದು, 1879ರಿಂದ ಗೊತ್ತಿರುವ ತತ್ವ. ಆಪ್ಟಿಕಲ್ ಫೈಬರ್ ಹುಡುಕಿಕೊಂಡು ಬರುವವರನ್ನು ಸಾಮಾನ್ಯವಾಗಿ ಬೇರೊಂದು ಕಷ್ಟ ಇಲ್ಲಿಗೆ ತಂದಿರುತ್ತದೆ. ಅಳೆಯಬೇಕಾದ ಜಾಗದಲ್ಲಿ ಲಕ್ಷಗಟ್ಟಲೆ ವೋಲ್ಟ್ ಇರುತ್ತದೆ. ಅಥವಾ ಸುತ್ತ ರೇಡಿಯೋ ಅಲೆಗಳ ಗದ್ದಲದಲ್ಲಿ ತಾಮ್ರದ ತಂತಿಯೇ ಆಂಟೆನಾ ಆಗಿಬಿಡುತ್ತದೆ. ಅಥವಾ ಅದು ಕಿಡಿ ತಾಗಬಾರದ ಅನಿಲದ ಕೊಠಡಿ. ಅಥವಾ ಅಳತೆಯ ಜಾಗಕ್ಕೂ ಉಪಕರಣಕ್ಕೂ ನಡುವೆ ಕಿಲೋಮೀಟರ್‌ಗಟ್ಟಲೆ ದೂರ. ಇಂಥ ಕಡೆಗಳಲ್ಲಿ 125 ಮೈಕ್ರೋಮೀಟರ್ ದಪ್ಪದ ಗಾಜಿನ ಎಳೆ ಮಾಡುವ ಉಪಕಾರ ದೊಡ್ಡದು. ಅದರೊಳಗೆ ವಿದ್ಯುತ್ ಹರಿಯುವುದಿಲ್ಲ, ಅದು ಕ್ಷೇತ್ರವನ್ನು ಕೆಡಿಸುವುದಿಲ್ಲ, ಸಿಡಿಲು ಬಡಿದರೂ ಉಪಕರಣದ ಕೋಣೆಗೆ ಅದನ್ನು ಹೊತ್ತು ತರುವುದಿಲ್ಲ.

ಆದರೆ ‘ಫೈಬರ್ ಕಾಂತಕ್ಷೇತ್ರ ಸಂವೇದಕ’ ಎಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದ ಐದಾರು ಬಗೆಗಳಿವೆ. ಒಂದರಲ್ಲಿ ಬೆಳಕಿನ ಧ್ರುವೀಕರಣ, ಅಂದರೆ ಬೆಳಕು ಕಂಪಿಸುವ ದಿಕ್ಕು, ತಿರುಗುತ್ತದೆ, ಇನ್ನೊಂದರಲ್ಲಿ ಲೋಹವೊಂದು ಹಿಗ್ಗಿ ಫೈಬರನ್ನು ಎಳೆಯುತ್ತದೆ, ಮತ್ತೊಂದರಲ್ಲಿ ದ್ರವದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಬಾಗಿಸುವ ಪ್ರಮಾಣ, ಬದಲಾಗುತ್ತದೆ. ಇವುಗಳನ್ನು ‘ಯಾವುದು ಹೆಚ್ಚು ಸೂಕ್ಷ್ಮ’ ಎಂಬ ಒಂದೇ ಅಳತೆಗೋಲಿನಿಂದ ಹೋಲಿಸುವವರೇ ಹೆಚ್ಚು. ನನ್ನ ಅನುಭವದಲ್ಲಿ ಆಯ್ಕೆ ತಪ್ಪುವುದು ಅಲ್ಲಿಯೇ. ಸೂಕ್ಷ್ಮತೆ ಕಡಿಮೆಯಾಯಿತೆಂದು ಸೋತ ಸಂವೇದಕಗಳಿಗಿಂತ ಬಿಸಿಲೇರಿದಾಗ ಸೋತ ಸಂವೇದಕಗಳನ್ನು ನಾನು ಹೆಚ್ಚು ಕಂಡಿದ್ದೇನೆ.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಕ್ಷೇತ್ರ ಎಷ್ಟು ದೊಡ್ಡದು, ಅದು ಸ್ಥಿರವೋ ಬದಲಾಗುವಂಥದ್ದೋ, ಒಂದು ಬಿಂದುವಿನಲ್ಲಿ ಅಳೆಯಬೇಕೋ ಒಂದು ವಾಹಕದ ಸುತ್ತಲೋ, ಮತ್ತು ಸಂವೇದಕ ಕೂರುವ ಜಾಗದಲ್ಲಿ ವರ್ಷವಿಡೀ ಉಷ್ಣತೆ ಎಷ್ಟು ಏರಿಳಿಯುತ್ತದೆ. ನಾಲ್ಕನೆಯದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಕ್ಷೇತ್ರದ ಅಳತೆಮಾನ ಟೆಸ್ಲಾ; ಮೈಕ್ರೋ ಎಂದರೆ ಅದರ ದಶಲಕ್ಷದಲ್ಲೊಂದು ಭಾಗ, ಪಿಕೋ ಎಂದರೆ ಲಕ್ಷ ಕೋಟಿಯಲ್ಲೊಂದು, ಫೆಮ್ಟೋ ಅದರಲ್ಲೂ ಸಾವಿರದಲ್ಲೊಂದು. ಗಾತ್ರದ ಅಂದಾಜಿಗೆ ಕೆಲವು ಗುರುತುಗಳು: ಭೂಮಿಯ ಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ 1.5 ಅಥವಾ 3 ಟೆಸ್ಲಾ. ಜಿನೀವಾ ಬಳಿಯ ದೊಡ್ಡ ಹೇಡ್ರಾನ್ ಕೊಲೈಡರ್ ಎಂಬ ಕಣ ವೇಗವರ್ಧಕದಲ್ಲಿ ಕಣಗಳ ದಾರಿ ಬಾಗಿಸುವ ಅಯಸ್ಕಾಂತಗಳ ವಿನ್ಯಾಸದ ಬಲ 8.33 ಟೆಸ್ಲಾ. ಇನ್ನೊಂದು ತುದಿಯಲ್ಲಿ ಮನುಷ್ಯನ ಹೃದಯ ಎದೆಯ ಹೊರಗೆ ಉಂಟುಮಾಡುವ ಕ್ಷೇತ್ರ ಕೆಲವು ಹತ್ತು ಪಿಕೋಟೆಸ್ಲಾ. ಮೆದುಳಿನದು ನೂರು ಫೆಮ್ಟೋಟೆಸ್ಲಾ ಆಸುಪಾಸು. ತುದಿಯಿಂದ ತುದಿಗೆ ಹತ್ತರ ಹದಿಮೂರು ಹದಿನಾಲ್ಕು ಘಾತಗಳ ಅಂತರ. ಇಷ್ಟನ್ನೂ ಒಂದೇ ಸಂವೇದಕ ಅಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಫ್ಯಾರಡೆ ದಾರಿ: ಗಾಜೇ ಸಂವೇದಕವಾದಾಗ

1845ರಲ್ಲಿ ಮೈಕೇಲ್ ಫ್ಯಾರಡೆ ಸೀಸ ಬೆರೆತ ಭಾರವಾದ ಗಾಜಿನ ತುಂಡೊಂದನ್ನು ಅಯಸ್ಕಾಂತದ ಧ್ರುವಗಳ ಬಳಿ ಇಟ್ಟು ಅದರ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದಾಗ, ಬೆಳಕು ಕಂಪಿಸುವ ತಲ ಸ್ವಲ್ಪ ತಿರುಗಿತು. ಬೆಳಕಿಗೂ ಕಾಂತತ್ವಕ್ಕೂ ನಂಟಿದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು. ತಿರುಗುವ ಕೋನದ ಲೆಕ್ಕ ಸರಳ: ಕ್ಷೇತ್ರದ ಬಲ, ಕ್ಷೇತ್ರದ ದಿಕ್ಕಿನಲ್ಲಿ ಬೆಳಕು ಸಾಗುವ ದೂರ, ಮತ್ತು ಆ ವಸ್ತುವಿನ ವರ್ಡೆ ಸ್ಥಿರಾಂಕ (ಆ ವಸ್ತು ಎಷ್ಟು ಚೆನ್ನಾಗಿ ತಿರುಗಿಸುತ್ತದೆಂಬ ಅಂಕಿ), ಈ ಮೂರರ ಗುಣಲಬ್ಧ.

ಫೈಬರ್ ತಯಾರಿಸುವ ಸಿಲಿಕಾ ಗಾಜಿನ ವರ್ಡೆ ಸ್ಥಿರಾಂಕ ತೀರ ಚಿಕ್ಕದು. 633 ನ್ಯಾನೊಮೀಟರ್‌ನ ಕೆಂಪು ಬೆಳಕಿಗೆ ಟೆಸ್ಲಾ-ಮೀಟರ್‌ಗೆ ಸುಮಾರು 4 ರೇಡಿಯನ್. ತರಂಗದೂರ ಹೆಚ್ಚಿದಂತೆ ಅದರ ವರ್ಗದ ಪ್ರಮಾಣದಲ್ಲಿ ಇದು ಕುಗ್ಗುತ್ತದೆ. ಸಂವಹನ ಉಪಕರಣಗಳು ಸುಲಭವಾಗಿ ಸಿಗುವ 1550 ನ್ಯಾನೊಮೀಟರ್‌ನಲ್ಲಿ ಉಳಿಯುವುದು ಸುಮಾರು 0.6. ಅಂದರೆ 1 ಮಿಲಿಟೆಸ್ಲಾ ಕ್ಷೇತ್ರದಲ್ಲಿ ಒಂದು ಮೀಟರ್ ನೇರ ಫೈಬರ್ ಇಟ್ಟರೆ ಸಿಗುವ ತಿರುವು ಒಂದು ಡಿಗ್ರಿಯ ನೂರನೇ ಮೂರು ಭಾಗ. ಇದನ್ನು ನೋಡಿದವರಿಗೆಲ್ಲ ತಟ್ಟನೆ ಹೊಳೆಯುವುದು ಒಂದೇ: ಫೈಬರನ್ನು ಸುರುಳಿ ಸುತ್ತಿ ಉದ್ದ ಹೆಚ್ಚಿಸೋಣ.

ನನಗೂ ಹಾಗೆಯೇ ಹೊಳೆದಿತ್ತು. ವಿದ್ಯುತ್ಕಾಂತವೊಂದರ ಎರಡು ಧ್ರುವಗಳ ನಡುವಿನ ಸಂದಿನಲ್ಲಿ ಕ್ಷೇತ್ರ ಅಳೆಯಬೇಕಿತ್ತು. ಅಂಗೈಯಗಲದ ಅಚ್ಚಿಗೆ ಐವತ್ತು ಸುತ್ತು ಫೈಬರ್ ಸುತ್ತಿ, ಎಳೆ ಎಳೆಯಾಗಿ ಅಂಟಿಸಿ, ಅಂಟು ಒಣಗಲು ಎರಡು ದಿನ ಕಾದು, ಸಂದಿನೊಳಗೆ ಇಳಿಸಿ ಕರೆಂಟ್ ಏರಿಸಿದೆ. ಸಂಕೇತ ಅಲುಗಲಿಲ್ಲ. ಬೆಸುಗೆ ಸರಿಯಿಲ್ಲವೇನೋ ಎಂದು ಮತ್ತೆ ಮಾಡಿದೆ, ಅಲುಗಲಿಲ್ಲ. ತಪ್ಪು ಬೆಸುಗೆಯಲ್ಲಿರಲಿಲ್ಲ. ಸುತ್ತಿನ ಅರ್ಧ ಭಾಗದಲ್ಲಿ ಬೆಳಕು ಕ್ಷೇತ್ರದ ಜೊತೆಗೆ ಸಾಗಿದರೆ ಉಳಿದರ್ಧದಲ್ಲಿ ಎದುರಾಗಿ ಸಾಗುತ್ತದೆ. ಒಂದು ಅರ್ಧ ತಿರುಗಿಸಿದ್ದನ್ನು ಇನ್ನೊಂದು ಅರ್ಧ ಬಿಚ್ಚಿಹಾಕುತ್ತದೆ. ಅರ್ಧವನ್ನು ಸಂದಿನಿಂದ ಹೊರಗೆ ಚಾಚುವಂತೆ ಉದ್ದುದ್ದ ಸುತ್ತಿದರೂ ಫಲವಿಲ್ಲ. ಅಂಚಿನ ಕ್ಷೇತ್ರ ಅಷ್ಟನ್ನೂ ಲೆಕ್ಕ ಹಾಕಿ ಕಳೆಯುತ್ತದೆ. ಮುಚ್ಚಿದ ಸುತ್ತಿನ ಒಳಗೆ ವಿದ್ಯುತ್ ಹರಿಯದಿದ್ದರೆ ಮೊತ್ತ ಸೊನ್ನೆಯೇ ಎನ್ನುವುದು ಆಂಪಿಯರನ ನಿಯಮ. ಪುಸ್ತಕದಲ್ಲಿ ಹತ್ತು ಸಲ ಓದಿದ್ದ ನಿಯಮ ನನಗೆ ನಿಜಕ್ಕೂ ಅರ್ಥವಾದದ್ದು ಆ ಐವತ್ತು ಸುತ್ತನ್ನು ಬಿಚ್ಚುವಾಗ.

ಅದೇ ನಿಯಮ ಇನ್ನೊಂದು ಕಡೆ ವರವಾಗುತ್ತದೆ. ಸುರುಳಿಯನ್ನು ವಿದ್ಯುತ್ ಹರಿಯುವ ಕಂಬಿಯ ಸುತ್ತ ಹಾಕಿದರೆ ಅದು ಒಳಗೆ ಹರಿಯುವ ಕರೆಂಟನ್ನು ಮಾತ್ರ ಎಣಿಸುತ್ತದೆ. ಪಕ್ಕದ ಕಂಬಿಯಲ್ಲಿ ಎಷ್ಟೇ ಹರಿಯಲಿ, ನಿಮ್ಮ ಕಂಬಿ ಸುರುಳಿಯ ನಡುವೆ ಇರಲಿ, ಅಂಚಿಗೆ ತಾಗಿರಲಿ, ಉತ್ತರ ಒಂದೇ. 1310 ನ್ಯಾನೊಮೀಟರ್‌ನಲ್ಲಿ ಒಂದು ಸುತ್ತಿಗೆ, ಒಂದು ಆಂಪಿಯರ್‌ಗೆ ಸುಮಾರು ಒಂದು ಮೈಕ್ರೋರೇಡಿಯನ್ ತಿರುವು ಸಿಗುತ್ತದೆ. ಹತ್ತು ಆಂಪಿಯರ್ ಅಳೆಯಲು ಇದು ಗೋಳು. ಆದರೆ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಗಳಲ್ಲಿ ನೇರ ವಿದ್ಯುತ್ ಕೆಲವು ಲಕ್ಷ ಆಂಪಿಯರ್‌ಗಳಲ್ಲಿ ಹರಿಯುತ್ತದೆ. 5 ಲಕ್ಷ ಆಂಪಿಯರ್‌ಗೆ ಒಂದೇ ಸುತ್ತಿನಲ್ಲಿ ಅರ್ಧ ರೇಡಿಯನ್, ಅಂದರೆ 28 ಡಿಗ್ರಿಗೂ ಮೇಲೆ. ಟನ್‌ಗಟ್ಟಲೆ ತೂಗುವ ಹಳೆಯ ಬಗೆಯ ಮಾಪಕದ ಕೆಲಸವನ್ನು ಹಗುರವಾದ ಒಂದು ಬಳೆ ಮಾಡುತ್ತದೆ. ಫ್ರಾನ್ಸಿನ ಕಡರಾಶ್‌ನಲ್ಲಿ ಕಟ್ಟುತ್ತಿರುವ ಐಟರ್ ಸಮ್ಮಿಳನ ಸ್ಥಾವರದಲ್ಲೂ ಪ್ಲಾಸ್ಮಾದ, ಅಂದರೆ ವಿದ್ಯುತ್ ಹರಿಯುವ ಅತಿ ಬಿಸಿ ಅನಿಲದ, ಕರೆಂಟ್ ಅಳೆಯಲು ಫೈಬರ್ ಬಳಸುವ ಯೋಜನೆಯಿದೆ. ಅಲ್ಲಿನ ಕರೆಂಟ್ 1.5 ಕೋಟಿ ಆಂಪಿಯರ್‌ವರೆಗೆ. ಧ್ರುವೀಕರಣ ಒಂದೇ ಸುತ್ತಿನಲ್ಲಿ ಪೂರ್ತಿ ಒಂದು ಪ್ರದಕ್ಷಿಣೆ ದಾಟಿಬಿಡುತ್ತದೆ. ತಾಮ್ರದ ಸುರುಳಿ ಕ್ಷೇತ್ರ ಬದಲಾಗುವ ವೇಗವನ್ನಷ್ಟೇ ಹೇಳುತ್ತದೆ, ಅದನ್ನು ಕೂಡಿಸುತ್ತಾ ಹೋಗಬೇಕು, ನಿಮಿಷಗಟ್ಟಲೆ ಕೂಡಿಸಿದರೆ ಸಣ್ಣ ತಪ್ಪೂ ಬೆಳೆದು ನಿಲ್ಲುತ್ತದೆ. ಫೈಬರ್ ಕರೆಂಟನ್ನು ನೇರವಾಗಿ ಹೇಳುತ್ತದೆ.

ಹಾಗಾದರೆ ಸಮಸ್ಯೆ ಎಲ್ಲಿ? ಬಾಗುವಿಕೆಯಲ್ಲಿ. ಫೈಬರನ್ನು ಬಾಗಿಸಿದರೆ ಗಾಜಿನೊಳಗೆ ಒತ್ತಡ ಹುಟ್ಟಿ, ಎರಡು ದಿಕ್ಕಿನ ಧ್ರುವೀಕರಣಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಇದನ್ನು ದ್ವಿವಕ್ರೀಭವನ ಎನ್ನುತ್ತಾರೆ. ಸುರುಳಿಯ ತ್ರಿಜ್ಯ ಅರ್ಧವಾದರೆ ಇದು ನಾಲ್ಕು ಪಟ್ಟಾಗುತ್ತದೆ, ಮತ್ತು ಅಷ್ಟು ಕಷ್ಟಪಟ್ಟು ಪಡೆದ ತಿರುವನ್ನು ನುಂಗಿಹಾಕುತ್ತದೆ. ಸುರುಳಿ ಸುತ್ತಿದ ಮೇಲೆ ಕಾಯಿಸಿ ನಿಧಾನವಾಗಿ ತಣಿಸಿ ಒತ್ತಡ ಇಳಿಸುವುದು ಒಂದು ಪರಿಹಾರ. ಎಳೆಯುವಾಗಲೇ ತಿರುಚಿದ ವಿಶೇಷ ಫೈಬರ್ ಬಳಸುವುದು ಇನ್ನೊಂದು. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ನಿಖರತೆ ಎಷ್ಟು’ ಎಂಬುದಲ್ಲ, ‘ಸಂವೇದಕದಲ್ಲಿರುವ ಫೈಬರ್ ಯಾವುದು, ಸುರುಳಿಯನ್ನು ಕೈಯಲ್ಲಿ ಅಲುಗಾಡಿಸಿದರೆ ಅಂಕಿ ಎಷ್ಟು ಕುಣಿಯುತ್ತದೆ’ ಎಂಬುದು.

ಉಷ್ಣತೆಯ ವಿಷಯದಲ್ಲಿ ಸಿಲಿಕಾ ಸಜ್ಜನ. ಅದರ ವರ್ಡೆ ಸ್ಥಿರಾಂಕ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಲಕ್ಷದಲ್ಲಿ ಏಳು ಭಾಗದಷ್ಟು ಮಾತ್ರ ಬದಲಾಗುತ್ತದೆ. ನೂರು ಡಿಗ್ರಿ ಏರಿದರೂ ಶೇ 0.7. ದೋಷ ಕಂಡೊಡನೆ ವಿದ್ಯುತ್ ಕಡಿಯುವ ರಕ್ಷಣಾ ರಿಲೇಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ವಿದ್ಯುತ್ ಮಾರಾಟದ ಮೀಟರಿಂಗ್‌ಗೆ ಮಾತ್ರ ತಿದ್ದುಪಡಿ ಬೇಕು. ಬೆಳಕು ಸುರುಳಿಯ ತುದಿಯಿಂದ ಪ್ರತಿಫಲಿಸಿ ಮರಳುವ ಬಗೆಯ ಸಾಧನಗಳಲ್ಲಿ ಸುರುಳಿಯ ಬಾಯಲ್ಲಿರುವ ಕಾಲು-ತರಂಗ ತುಣುಕಿನ (ಧ್ರುವೀಕರಣದ ರೂಪ ಬದಲಿಸುವ ಫೈಬರ್ ತುಂಡಿನ) ಸ್ವಂತ ಉಷ್ಣಬದಲಾವಣೆಯನ್ನೇ ಎದುರು ದಿಕ್ಕಿಗೆ ಹೊಂದಿಸಿ ಇದನ್ನು ಬಹುಪಾಲು ಅಳಿಸುತ್ತಾರೆ. ಆ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬಿಂದುವಿನಲ್ಲಿ ಅಳೆಯಬೇಕಾದರೆ: ಫೈಬರ್ ತುದಿಯಲ್ಲೊಂದು ಹರಳು

ಒಂದು ಜಾಗದ ಕ್ಷೇತ್ರ ಬೇಕಾದವರು ಫೈಬರನ್ನು ಬೆಳಕು ಸಾಗಿಸಲಷ್ಟೇ ಬಳಸಿ, ತುದಿಯಲ್ಲಿ ಹೆಚ್ಚು ತಿರುಗಿಸುವ ಹರಳನ್ನು ಇಡುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಟೆರ್ಬಿಯಂ ಗ್ಯಾಲಿಯಂ ಗಾರ್ನೆಟ್. 633 ನ್ಯಾನೊಮೀಟರ್‌ನಲ್ಲಿ ಇದರ ವರ್ಡೆ ಸ್ಥಿರಾಂಕದ ಪ್ರಮಾಣ ಸುಮಾರು 134, ಸಿಲಿಕಾದ ಮೂವತ್ತು ಪಟ್ಟಿಗೂ ಹೆಚ್ಚು. ಒಂದು ಸೆಂಟಿಮೀಟರ್ ಹರಳು 1 ಟೆಸ್ಲಾಗೆ 77 ಡಿಗ್ರಿಯಷ್ಟು ತಿರುಗಿಸುತ್ತದೆ. ಆದರೆ ಸಾಮಾನ್ಯ ಎರಡು-ಡಿಟೆಕ್ಟರ್ ಜೋಡಣೆ ಗೊಂದಲವಿಲ್ಲದೆ ಓದುವುದು 45 ಡಿಗ್ರಿಯವರೆಗೆ, ಅಂದರೆ ಈ ಹರಳಿನಲ್ಲಿ ಸುಮಾರು 0.58 ಟೆಸ್ಲಾವರೆಗೆ. ಎಂಆರ್‌ಐ ಕ್ಷೇತ್ರಕ್ಕೆ ಇದೇ ಹರಳು ಬೇಕೆಂದರೆ ಒಂದೆರಡು ಮಿಲಿಮೀಟರ್‌ಗೆ ಕತ್ತರಿಸಿ. ಉದ್ದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ.

ಇದರ ದೌರ್ಬಲ್ಯ ಉಷ್ಣತೆ. ಟೆರ್ಬಿಯಂ ಅಯಾನುಗಳು ಅನುಕಾಂತೀಯ. ಅವುಗಳ ಪ್ರತಿಕ್ರಿಯೆ ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿ ಇಳಿಯುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಒಂದು ಡಿಗ್ರಿ ಏರಿದರೆ ಉತ್ತರ ಶೇ 0.3ರಷ್ಟು ಕುಗ್ಗುತ್ತದೆ, ಮೂವತ್ತು ಡಿಗ್ರಿಗೆ ಶೇ 10ರ ಹತ್ತಿರ. ಅದೇ ಮೂವತ್ತು ಡಿಗ್ರಿಗೆ ಸಿಲಿಕಾದ ಬದಲಾವಣೆ ಶೇ 0.2. ಮೂವತ್ತು ಪಟ್ಟು ಸೂಕ್ಷ್ಮತೆ ಕೊಂಡುಕೊಂಡು ಐವತ್ತು ಪಟ್ಟು ಉಷ್ಣದೋಷವನ್ನೂ ಮನೆಗೆ ತಂದಂತೆ. ಹರಳಿನ ಪಕ್ಕದಲ್ಲಿ ಉಷ್ಣತೆ ಅಳೆಯುವ ಇನ್ನೊಂದು ಫೈಬರ್ ಇಡುವುದಾದರೆ ಇದನ್ನು ಧೈರ್ಯವಾಗಿ ಆರಿಸಿ. ಅದಾಗದಿದ್ದರೆ ಸೀಸ ಬೆರೆತ ಭಾರಗಾಜು ಉತ್ತಮ: ತಿರುವು ಕಡಿಮೆ, ಸ್ವಭಾವ ಶಾಂತ.

ಚಿಕ್ಕ ಕ್ಷೇತ್ರಗಳಿಗೆ ಕಬ್ಬಿಣದ ಗಾರ್ನೆಟ್‌ಗಳಿವೆ, ಯಿಟ್ರಿಯಂ ಕಬ್ಬಿಣದ ಗಾರ್ನೆಟ್ ಮತ್ತು ಬಿಸ್ಮತ್ ಸೇರಿಸಿದ ಅದರ ಬಂಧುಗಳು. ಇವು ದೃಗ್ಗೋಚರ ಬೆಳಕನ್ನು ಹೀರಿಬಿಡುತ್ತವೆ, ಅತಿಗೆಂಪಿನ ಸಂವಹನ ತರಂಗದೂರಗಳಿಗೆ ದಾರಿ ಬಿಡುತ್ತವೆ. ತಿರುವು ಬಹಳ ಹೆಚ್ಚು, ವೇಗವೂ ಹೆಚ್ಚು. ಆದರೆ ಒಂದೆರಡು ದಶಾಂಶ ಟೆಸ್ಲಾದೊಳಗೇ ಸಂತೃಪ್ತವಾಗಿ ಆಮೇಲೆ ಏನೂ ಹೇಳುವುದಿಲ್ಲ. ಒಳಗಿನ ಕಾಂತವಲಯಗಳು ಜಿಗಿಯುವಾಗ ಸಂಕೇತದಲ್ಲೂ ಸಣ್ಣ ಜಿಗಿತಗಳು ಕಾಣುತ್ತವೆ. ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳ ಹೊರಗಿನ ಸೋರು ಕ್ಷೇತ್ರ ನೋಡಲು ನಾನು ಇವನ್ನೇ ಹೇಳುತ್ತೇನೆ.

ಹಿಗ್ಗುವ ಲೋಹ, ಎಳೆಯಲ್ಪಡುವ ಫೈಬರ್

ಕಬ್ಬಿಣವನ್ನು ಕಾಂತಗೊಳಿಸಿದರೆ ಅದರ ಉದ್ದ ಅತಿ ಸ್ವಲ್ಪ ಬದಲಾಗುತ್ತದೆ ಎಂದು ಜೇಮ್ಸ್ ಜೂಲ್ ಗುರುತಿಸಿದ್ದು 1842ರಲ್ಲಿ. ನಿಕ್ಕಲ್ ದಶಲಕ್ಷದಲ್ಲಿ ಮೂವತ್ತೈದು ಭಾಗದಷ್ಟು ಕುಗ್ಗುತ್ತದೆ. ಟೆರ್ಫೆನಾಲ್-ಡಿ ಎಂಬ ಮಿಶ್ರಲೋಹ ದಶಲಕ್ಷದಲ್ಲಿ ಸಾವಿರ ಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಟೆರ್ಬಿಯಂ, ಕಬ್ಬಿಣ, ಡಿಸ್ಪ್ರೋಸಿಯಂಗಳ ಜೊತೆಗೆ ಅದು ಹುಟ್ಟಿದ ಅಮೆರಿಕದ ನೌಕಾ ಪ್ರಯೋಗಾಲಯದ ಹೆಸರೂ ಅದರಲ್ಲಿ ಅಡಗಿದೆ. ಈ ಲೋಹಕ್ಕೆ ಬ್ರ್ಯಾಗ್ ಗ್ರೇಟಿಂಗ್, ಅಂದರೆ ಒಂದೇ ತರಂಗದೂರವನ್ನು ಹಿಂದಕ್ಕೆ ಪ್ರತಿಫಲಿಸುವ ಸೂಕ್ಷ್ಮ ಗೆರೆಗಳ ಸಾಲು, ಇರುವ ಫೈಬರನ್ನು ಅಂಟಿಸಿದರೆ, ಲೋಹ ಹಿಗ್ಗಿದಂತೆ ಗ್ರೇಟಿಂಗ್ ಪ್ರತಿಫಲಿಸುವ ತರಂಗದೂರ ಸರಿಯುತ್ತದೆ.

ಈ ಬಗೆಯ ಆಕರ್ಷಣೆ ನಿಜವಾದದ್ದು. ಉತ್ತರ ಬೆಳಕಿನ ಪ್ರಮಾಣದಲ್ಲಿಲ್ಲ, ಬಣ್ಣದಲ್ಲಿದೆ. ದಾರಿಯಲ್ಲಿ ಫೈಬರ್ ಬಾಗಿ ಅರ್ಧ ಬೆಳಕು ಸೋರಿಹೋದರೂ ಅಂಕಿ ಕೆಡುವುದಿಲ್ಲ. ಒಂದೇ ಎಳೆಯಲ್ಲಿ ಬೇರೆ ಬೇರೆ ತರಂಗದೂರದ ಹತ್ತಾರು ಗ್ರೇಟಿಂಗ್‌ಗಳನ್ನು ಪೋಣಿಸಬಹುದು. ಸೇತುವೆಗಳ, ಪೈಪ್‌ಲೈನ್‌ಗಳ ಮೇಲ್ವಿಚಾರಣೆಗೆ ತಯಾರಾದ ಓದುವ ಯಂತ್ರಗಳೇ ಇದಕ್ಕೂ ಸಾಕು. ಒಂದು ದೊಡ್ಡ ಜನರೇಟರಿನ ಸುತ್ತ ಇಪ್ಪತ್ತು ಕಡೆ ಕ್ಷೇತ್ರ ನೋಡಬೇಕೆಂದರೆ ಇದಕ್ಕಿಂತ ಸರಳವಾದ ಏರ್ಪಾಡು ನನಗೆ ಗೊತ್ತಿಲ್ಲ.

ಈಗ ಉಷ್ಣತೆಯ ಲೆಕ್ಕ. 1550 ನ್ಯಾನೊಮೀಟರ್‌ನ ಗ್ರೇಟಿಂಗ್ ದಶಲಕ್ಷದಲ್ಲಿ ಒಂದು ಭಾಗ ಹಿಗ್ಗಿದರೆ ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ಒಂದು ಡಿಗ್ರಿ ಬಿಸಿಯಾದರೆ ಸುಮಾರು 10 ಪಿಕೋಮೀಟರ್. ಟೆರ್ಫೆನಾಲ್ ಬಿಸಿಗೂ ಹಿಗ್ಗುತ್ತದೆ, ಡಿಗ್ರಿಗೆ ದಶಲಕ್ಷದಲ್ಲಿ ಹನ್ನೆರಡು ಭಾಗದಷ್ಟು. ಗಾಜು ದಶಲಕ್ಷದಲ್ಲಿ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಹಿಗ್ಗುತ್ತದಷ್ಟೇ. ಹಾಗಾಗಿ ಅಂಟಿಸಿದ ಗ್ರೇಟಿಂಗ್ ಡಿಗ್ರಿಗೆ 24 ಪಿಕೋಮೀಟರ್‌ನಷ್ಟು ಸರಿಯುತ್ತದೆ. ಇನ್ನು ನಿಮ್ಮ ತುಂಡು 100 ಮಿಲಿಟೆಸ್ಲಾಗೆ ದಶಲಕ್ಷದಲ್ಲಿ ಸಾವಿರ ಭಾಗ ಹಿಗ್ಗುತ್ತದೆ ಎಂದುಕೊಳ್ಳಿ. ಪ್ರತಿ ಮಿಲಿಟೆಸ್ಲಾಗೆ ಸಿಗುವುದು 12 ಪಿಕೋಮೀಟರ್. ಒಂದು ಡಿಗ್ರಿ ಸೆಕೆ ಎರಡು ಮಿಲಿಟೆಸ್ಲಾ ಕ್ಷೇತ್ರದ ವೇಷ ಹಾಕಿಕೊಂಡು ಬರುತ್ತದೆ. ಬೆಳಗ್ಗೆ ಸೊನ್ನೆ ಹೊಂದಿಸಿದ ಸಂವೇದಕ ಮಧ್ಯಾಹ್ನದ ಹೊತ್ತಿಗೆ ಇಲ್ಲದ ಕ್ಷೇತ್ರವನ್ನು ತೋರಿಸುವುದು ಹೀಗೆ.

ಪರಿಹಾರವಿದೆ, ಅದನ್ನು ಬಿಟ್ಟು ಕೊಳ್ಳಬೇಡಿ. ಒಂದೇ ತುಂಡಿಗೆ ಎರಡು ಗ್ರೇಟಿಂಗ್ ಅಂಟಿಸಬೇಕು, ಒಂದು ಕ್ಷೇತ್ರದ ದಿಕ್ಕಿಗೆ, ಇನ್ನೊಂದು ಅಡ್ಡಲಾಗಿ. ಉದ್ದಕ್ಕೆ ಹಿಗ್ಗಿದ ಲೋಹ ಅಡ್ಡಕ್ಕೆ ಅದರ ಅರ್ಧದಷ್ಟು ಕುಗ್ಗುತ್ತದೆ; ಬಿಸಿಗೆ ಮಾತ್ರ ಎರಡೂ ಕಡೆ ಸಮನಾಗಿ ಹಿಗ್ಗುತ್ತದೆ. ಎರಡರ ವ್ಯತ್ಯಾಸ ತೆಗೆದರೆ ಉಷ್ಣತೆ ಮಾಯವಾಗಿ ಕ್ಷೇತ್ರದ ಪಾಲು ಒಂದೂವರೆ ಪಟ್ಟಾಗುತ್ತದೆ.

ಅಂಟಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎಪಾಕ್ಸಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಗ್ರೇಟಿಂಗ್‌ನ ಒಂದು ತುದಿ ಹೆಚ್ಚು ಎಳೆಯಲ್ಪಡುತ್ತದೆ, ಇನ್ನೊಂದು ಕಡಿಮೆ. ಪರದೆಯ ಮೇಲೆ ಚೂಪಾಗಿ ನಿಂತಿದ್ದ ಒಂದು ಶಿಖರ ಅಗಲವಾಗಿ, ಕೆಲವೊಮ್ಮೆ ಎರಡಾಗಿ ಸೀಳುತ್ತದೆ. ಓದುವ ಯಂತ್ರ ಒಮ್ಮೆ ಇದನ್ನು, ಒಮ್ಮೆ ಅದನ್ನು ಹಿಡಿದು ಅಂಕಿಯನ್ನು ಕುಣಿಸುತ್ತದೆ. ಅಂಟು ಒಣಗುವ ಮೊದಲು ಮತ್ತು ನಂತರ ಎರಡೂ ಹೊತ್ತಿನ ಚಿತ್ರ ತೆಗೆದಿಡುವವರ ಕೈಕೆಲಸವನ್ನು ನಂಬಬಹುದು.

ಇನ್ನೂ ಎರಡು ಮಿತಿಗಳು. ಲೋಹ ಹಿಗ್ಗುವುದು ಕ್ಷೇತ್ರದ ದಿಕ್ಕು ಯಾವುದಿದ್ದರೂ ಒಂದೇ ರೀತಿ. ಉತ್ತರವೋ ದಕ್ಷಿಣವೋ ಹೇಳುವುದಿಲ್ಲ. ಅದಕ್ಕೆಂದು ಪಕ್ಕದಲ್ಲಿ ಒಂದು ಶಾಶ್ವತ ಅಯಸ್ಕಾಂತವಿಟ್ಟು ನೇರ ಏರಿಕೆಯ ಭಾಗದಲ್ಲಿ ಕೆಲಸ ಮಾಡಿಸಬೇಕು. ಮತ್ತೆ, ಕ್ಷೇತ್ರ ಏರುವಾಗ ಬರುವ ಅಂಕಿ ಇಳಿಯುವಾಗ ಬರುವುದಿಲ್ಲ. ಹಿಸ್ಟೆರಿಸಿಸ್ ಈ ಲೋಹದ ಹುಟ್ಟುಗುಣ.

ಗ್ರೇಟಿಂಗ್ ಬದಲು ವ್ಯತಿಕರಣಮಾಪಕ, ಅಂದರೆ ಎರಡು ಬೆಳಕುಗಳನ್ನು ಬೆರೆಸಿ ಅವುಗಳ ದಾರಿಯ ಅತಿ ಸಣ್ಣ ವ್ಯತ್ಯಾಸ ಹಿಡಿಯುವ ಸಾಧನ, ಬಳಸಿದರೆ ಕಥೆಯೇ ಬೇರೆ. ಫೈಬರ್‌ಗೆ ಹಿಗ್ಗುವ ಲೋಹದ ಹೊದಿಕೆ ಹಾಕಿ ಅತಿ ದುರ್ಬಲ ಕ್ಷೇತ್ರ ಹಿಡಿಯಬಹುದೆಂದು 1980ರಲ್ಲಿ ಯಾರಿವ್ ಮತ್ತು ವಿನ್ಸರ್ ಸೂಚಿಸಿದರು. ಅಸ್ಫಟಿಕ ಲೋಹದ ತೆಳು ಪಟ್ಟಿಗೆ ಮೀಟರ್‌ಗಟ್ಟಲೆ ಫೈಬರ್ ಅಂಟಿಸಿದ ಇಂಥ ಸಂವೇದಕಗಳು ಭೂಮಿಯ ಕ್ಷೇತ್ರದ ಅತಿ ಸಣ್ಣ ಪಾಲನ್ನೂ ಗುರುತಿಸಬಲ್ಲವು. ಆದರೆ ಬಾಗಿಲು ಮುಚ್ಚಿದ ಸದ್ದು, ಮೇಜಿನ ಕಂಪನ, ಫ್ಯಾನಿನ ಗಾಳಿ, ಎಲ್ಲವೂ ಇದಕ್ಕೆ ಕೇಳುತ್ತದೆ. ಗೊತ್ತಿರುವ ಆವರ್ತನದಲ್ಲಿ ಕ್ಷೇತ್ರವನ್ನು ಸ್ವಲ್ಪ ಅಲುಗಿಸಿ ಆ ಆವರ್ತನವನ್ನಷ್ಟೇ ಹೆಕ್ಕುವ ಏರ್ಪಾಡಿಲ್ಲದೆ ಇದು ನಿಲ್ಲುವುದಿಲ್ಲ. ಸಂಶೋಧನೆಗೆ ಸರಿ; ಪ್ರಯೋಗಾಲಯದ ಹೊರಗೆ ಬಿಟ್ಟು ಬರಲು ನಾನು ಹೇಳಲಾರೆ.

ಕಾಂತದ್ರವದ ಬಗ್ಗೆ

ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಸಂಶೋಧನಾ ಪ್ರಬಂಧಗಳು ಬಂದಿರುವ ಬಗೆಗಳಲ್ಲಿ ಇದೂ ಒಂದು, ಹಾಗಾಗಿ ಹೊಸಬರು ಇದರತ್ತಲೇ ಮೊದಲು ನೋಡುತ್ತಾರೆ. ಕಾಂತದ್ರವ 1963ರಲ್ಲಿ ನಾಸಾದಲ್ಲಿ ಸ್ಟೀವ್ ಪ್ಯಾಪೆಲ್ ತಯಾರಿಸಿದ ವಸ್ತು. ಭಾರವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆಯುವುದು ಆಗಿನ ಆಲೋಚನೆ. ಹತ್ತು ನ್ಯಾನೊಮೀಟರ್ ಆಸುಪಾಸಿನ ಮ್ಯಾಗ್ನೆಟೈಟ್ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಕ್ಷೇತ್ರ ಬಂದಾಗ ಅವು ಸರಪಳಿ ಕಟ್ಟುತ್ತವೆ, ದ್ರವದ ವಕ್ರೀಭವನ ಸೂಚ್ಯಂಕ ಬದಲಾಗುತ್ತದೆ. ಫೈಬರನ್ನು ಎಳೆದು ತೆಳುವಾಗಿಸಿ ಈ ದ್ರವದಲ್ಲಿ ಮುಳುಗಿಸಿದರೆ ಬೆಳಕಿನ ವರ್ಣಪಟಲ ಸರಿಯುತ್ತದೆ.

ಪ್ರಯೋಗಾಲಯದಲ್ಲಿ ಸರಿತ ಚೆನ್ನಾಗಿ ಕಾಣುತ್ತದೆ, ವಿದ್ಯಾರ್ಥಿಗೆ ಸಂತೋಷವಾಗುತ್ತದೆ, ಆ ಸಂತೋಷ ನಾನೂ ಅನುಭವಿಸಿದ್ದೇನೆ. ಬಳಕೆಗೆ ಬಂದಾಗ ತೊಂದರೆಗಳು ಸಾಲುಗಟ್ಟುತ್ತವೆ. ಕ್ಷೇತ್ರ ಒಂದು ಮಿತಿ ದಾಟುವವರೆಗೆ ಏನೂ ಆಗುವುದಿಲ್ಲ. ಕೆಲವು ಹತ್ತು ಮಿಲಿಟೆಸ್ಲಾದಲ್ಲೇ ಸಂತೃಪ್ತಿ ಶುರುವಾಗುತ್ತದೆ. ಸರಪಳಿ ಕಟ್ಟಲು, ಬಿಡಿಸಿಕೊಳ್ಳಲು ಸಮಯ ಬೇಕು, ಹಾಗಾಗಿ ವೇಗವಾಗಿ ಬದಲಾಗುವ ಕ್ಷೇತ್ರಕ್ಕೆ ಇದು ಆಗದು. ದ್ರವ ಆವಿಯಾಗುತ್ತದೆ, ಕಣಗಳು ತಳ ಸೇರುತ್ತವೆ, ಮುಚ್ಚಳದ ಅಂಟು ಬಿಡುತ್ತದೆ. ದ್ರವದ ಸೂಚ್ಯಂಕ ಉಷ್ಣತೆಗೆ ಕ್ಷೇತ್ರಕ್ಕಿಂತ ಜೋರಾಗಿ ಸ್ಪಂದಿಸುವುದೂ ಉಂಟು. ಕಲಿಯಲು, ಹೊಸ ರಚನೆ ಪರೀಕ್ಷಿಸಲು ಆರಿಸಿ. ಐದು ವರ್ಷ ಗೋಡೆಯೊಳಗೆ ಕೂರಬೇಕಾದ ಸಂವೇದಕಕ್ಕೆ ಬೇಡ.

ವಜ್ರ ಮತ್ತು ಪರಮಾಣು

ವಜ್ರದೊಳಗೆ ಇಂಗಾಲದ ಒಂದು ಪರಮಾಣುವಿನ ಜಾಗದಲ್ಲಿ ಸಾರಜನಕ ಕೂತು, ಪಕ್ಕದ ಜಾಗ ಖಾಲಿಯಿದ್ದರೆ, ಆ ಜೋಡಿ ಹಸಿರು ಬೆಳಕಿಗೆ ಕೆಂಪಾಗಿ ಹೊಳೆಯುತ್ತದೆ. 2.87 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟಾಗ ಆ ಹೊಳಪು ಕೊಂಚ ತಗ್ಗುತ್ತದೆ. ಕ್ಷೇತ್ರವಿದ್ದರೆ ಈ ಒಂದು ಆವರ್ತನ ಎರಡಾಗಿ ಒಡೆದು, ಪ್ರತಿಯೊಂದೂ ಮೈಕ್ರೋಟೆಸ್ಲಾಗೆ 28 ಕಿಲೋಹರ್ಟ್ಸ್‌ನಂತೆ ದೂರ ಸರಿಯುತ್ತದೆ. ಇಲ್ಲಿ ನನಗೆ ಹಿಡಿಸುವುದು ಅಂಕಿಯ ಪ್ರಾಮಾಣಿಕತೆ: ಅಂಟಿನ ದಪ್ಪ, ಲೋಹದ ಸ್ವಭಾವ ಯಾವುದೂ ಇಲ್ಲ, ಪ್ರಕೃತಿಯ ಸ್ಥಿರಾಂಕಗಳೇ ಮಾಪನಾಂಕ ನೀಡುತ್ತವೆ. ಉಷ್ಣತೆಗೂ ಆವರ್ತನ ಸರಿಯುತ್ತದೆ, ಡಿಗ್ರಿಗೆ 74 ಕಿಲೋಹರ್ಟ್ಸ್. ಆದರೆ ಎರಡೂ ಗೆರೆಗಳು ಒಟ್ಟಿಗೆ ಸರಿಯುವುದರಿಂದ ಅವುಗಳ ಅಂತರ ನೋಡಿದರೆ ಆ ದೋಷ ಕಳೆದುಹೋಗುತ್ತದೆ. ಒಂದೇ ಗೆರೆಯನ್ನು ಹಿಂಬಾಲಿಸುವ ಅಗ್ಗದ ಸಾಧನ ಮಾತ್ರ ಒಂದು ಡಿಗ್ರಿಗೆ 2.6 ಮೈಕ್ರೋಟೆಸ್ಲಾ ಸುಳ್ಳು ಹೇಳುತ್ತದೆ.

ಫೈಬರ್ ತುದಿಗೆ ಅಂಟಿಸಿದ ಪುಟ್ಟ ವಜ್ರ ಅತಿ ಸಣ್ಣ ಜಾಗದ ಕ್ಷೇತ್ರವನ್ನು ದಿಕ್ಕಿನ ಸಮೇತ ಹೇಳಬಲ್ಲದು. ಆದರೆ ಮೈಕ್ರೋವೇವ್ ಕೊಂಡೊಯ್ಯಲು ತುದಿಯವರೆಗೂ ತಂತಿ ಬೇಕು. ಲೋಹ ಬೇಡವೆಂದೇ ಫೈಬರ್ ಹುಡುಕಿದವರು ಈ ತಂತಿಯನ್ನು ಒಪ್ಪಿಕೊಳ್ಳಬಹುದೇ ಎಂದು ಮೊದಲೇ ನಿರ್ಧರಿಸಿಕೊಳ್ಳಲಿ.

ಸೀಸಿಯಂ, ರುಬಿಡಿಯಂ ಆವಿಯ ಮಾಪಕಗಳು ಸೂಕ್ಷ್ಮತೆಯಲ್ಲಿ ಎಲ್ಲರಿಗಿಂತ ಮೇಲೆ. ಸೀಸಿಯಂ ಪರಮಾಣುಗಳು ನ್ಯಾನೊಟೆಸ್ಲಾಗೆ 3.5 ಹರ್ಟ್ಸ್‌ನಂತೆ ಸುತ್ತುತ್ತವೆ; ಆವರ್ತನ ಎಣಿಸಿದರೆ ಕ್ಷೇತ್ರ ಸಿಕ್ಕಿತು. ಇಲ್ಲಿ ಫೈಬರ್‌ನದು ಬೆಳಕು ತಂದು ಒಯ್ಯುವ ಕೆಲಸವಷ್ಟೇ. ಮೆದುಳಿನ ಕ್ಷೇತ್ರ, ಭೂಗರ್ಭ ಸಮೀಕ್ಷೆ, ನೆಲದಡಿಯ ಲೋಹದ ಹುಡುಕಾಟ ನಿಮ್ಮ ಕೆಲಸವಾಗಿದ್ದರೆ ಇಲ್ಲಿಗೇ ಬನ್ನಿ. ಅತಿ ಸೂಕ್ಷ್ಮವಾದ ಬಗೆಗೆ ಭೂಮಿಯ ಕ್ಷೇತ್ರವನ್ನೂ ತಡೆಯುವ ಕವಚದ ಕೋಣೆ ಬೇಕಾಗುತ್ತದೆ ಎಂಬುದು ನೆನಪಿರಲಿ.

ನಾನು ಆರಿಸುವುದಾದರೆ

ಸಾವಿರಾರು ಆಂಪಿಯರ್ ಹರಿಯುವ ಕಂಬಿಗೆ ಸಿಲಿಕಾ ಸುರುಳಿ, ಬೇರೆ ಮಾತಿಲ್ಲ. ಕರೆಂಟಿನ ವೇಗವಾದ ಏರಿಳಿತ ಹಿಡಿಯಬೇಕಾದರೆ ಸುತ್ತು ಕಡಿಮೆ ಮಾಡಿ: ಬೆಳಕಿಗೆ ಒಂದು ಮೀಟರ್ ಫೈಬರ್ ದಾಟಲು 5 ನ್ಯಾನೊಸೆಕೆಂಡ್ ಬೇಕು, ನೂರು ಮೀಟರ್ ಸುರುಳಿ ಒಂದು ಮೆಗಾಹರ್ಟ್ಸ್ ಹತ್ತಿರವೇ ಮಂಕಾಗತೊಡಗುತ್ತದೆ. ಒಂದು ಬಿಂದುವಿನ ಬಲವಾದ ಕ್ಷೇತ್ರಕ್ಕೆ ಟೆರ್ಬಿಯಂ ಹರಳು, ಪಕ್ಕದಲ್ಲಿ ಉಷ್ಣಮಾಪಕದ ಸಮೇತ. ಬಲವಾದ ಕ್ಷೇತ್ರವೂ ಬಿಸಿಯ ಏರಿಳಿತವೂ ಒಟ್ಟಿಗಿದ್ದರೆ ಭಾರಗಾಜು. ಹಲವು ಕಡೆ ಒಂದೇ ಎಳೆಯಲ್ಲಿ, ಹತ್ತಾರು ಮಿಲಿಟೆಸ್ಲಾ, ಒಂದೆರಡು ಪ್ರತಿಶತ ತಪ್ಪು ನಡೆಯುತ್ತದೆ ಎಂದರೆ ಜೋಡಿ ಗ್ರೇಟಿಂಗ್‌ನ ಟೆರ್ಫೆನಾಲ್. ಭೂಮಿಯ ಕ್ಷೇತ್ರದ ಸುತ್ತಮುತ್ತ ನಿಖರತೆ ಬೇಕೆಂದರೆ ವಜ್ರ ಅಥವಾ ಪರಮಾಣು. ಇವೆರಡಕ್ಕೂ ಹಣ ಸಾಲದಿದ್ದರೆ ದುರ್ಬಲ ಕ್ಷೇತ್ರ ಅಳೆಯುವ ಒಳ್ಳೆಯ ಫ್ಲಕ್ಸ್‌ಗೇಟ್ ಎಂಬ ವಿದ್ಯುತ್ ಸಂವೇದಕ ಕೊಂಡು ಅದರ ಸಂಕೇತವನ್ನು ದೂರಕ್ಕೆ ಒಯ್ಯಲು ಮಾತ್ರ ಫೈಬರ್ ಬಳಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಯಾವುದನ್ನೇ ಆರಿಸಿದರೂ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಸಂವೇದಕದ ತಲೆಯನ್ನು ಕಾಂತಕವಚದೊಳಗೆ ಇರಿಸಿ, ಅಂದರೆ ಅಳೆಯಲು ಕ್ಷೇತ್ರವೇ ಇಲ್ಲದಂತೆ ಮಾಡಿ, ಆ ಕವಚವನ್ನು ನಿಮ್ಮ ಜಾಗದ ಅತಿ ತಣ್ಣನೆಯ ಮಟ್ಟದಿಂದ ಅತಿ ಬಿಸಿಯ ಮಟ್ಟದವರೆಗೆ ನಿಧಾನವಾಗಿ ಕಾಯಿಸಿ, ಮತ್ತೆ ತಣಿಸಿ. ಇದು ಸೊನ್ನೆಯ ಸರಿತ ತೋರಿಸುತ್ತದೆ. ಆಮೇಲೆ ಗೊತ್ತಿರುವ ಒಂದು ಸ್ಥಿರ ಕ್ಷೇತ್ರದಲ್ಲಿಟ್ಟು ಅದೇ ಏರಿಳಿತವನ್ನು ಇನ್ನೊಮ್ಮೆ ಮಾಡಿಸಿ. ಹರಳಿನ ಶೇ 10ರಂಥ ಕುಗ್ಗುವಿಕೆ ಬಯಲಾಗುವುದು ಆ ಎರಡನೇ ಸುತ್ತಿನಲ್ಲಿ. ಎರಡೂ ಸುತ್ತಿನ ಅಂಕಿಗಳನ್ನು ಒಂದೇ ಕಾಗದದ ಮೇಲೆ ಬರೆಸಿಕೊಂಡು, ಅದರ ಮೇಲೆ ತಯಾರಕರ ಸಹಿ ಹಾಕಿಸಿಕೊಳ್ಳಿ.